ಸ್ಯಾನ್ ಹುವಾನ್‌ನಲ್ಲಿ ಹಡಗು ನಿಂತಾಗ ಮನೆಮಂದಿಗೆಲ್ಲ ಒಂದು ನಿಧಿ ಬೇಟೆ

1595ರ ನವೆಂಬರಿನಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಕೆರಿಬಿಯನ್ ಕಡಲಿನ, ಈಗ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೋ ದ್ವೀಪದ ಸ್ಯಾನ್ ಹುವಾನ್ ಬಂದರಿಗೆ ನುಗ್ಗಲು ಬಂದದ್ದು ನಿಧಿಗಾಗಿ. ಕೆಟ್ಟು ನಿಂತ ಸ್ಪೇನಿನ ಹಡಗೊಂದರಿಂದ ಇಳಿಸಿದ್ದ ಸುಮಾರು 20 ಲಕ್ಷ ಪೆಸೊ ಬೆಲೆಯ ಬೆಳ್ಳಿ ಬಂಗಾರ ಆಗ ಊರೊಳಗಿತ್ತು. ಕೋಟೆಯ ಫಿರಂಗಿ ಗುಂಡು ಡ್ರೇಕ್‌ನ ಹಡಗಿನ ಕೋಣೆಯನ್ನೇ ಸೀಳಿತು. ಅವನು ಬರಿಗೈಲಿ ಹೋದ. ಆ ಕೋಟೆ, ಆ ಕೊಲ್ಲಿ, ಊರ ಸುತ್ತಿನ ಗೋಡೆ ಇವತ್ತಿಗೂ ಇವೆ, ಕ್ರೂಸ್ ಹಡಗುಗಳು ಅವುಗಳ ಕಾಲಬುಡದಲ್ಲೇ ನಿಲ್ಲುತ್ತವೆ. ಮಕ್ಕಳಿಗೆ ನಿಧಿ ಬೇಟೆ ಆಡಿಸಲು ಕಥೆ ಕಟ್ಟುವ ಕೆಲಸವೇ ಇಲ್ಲ. ಬೇಕಾದದ್ದು ಎಂಟು ಚೀಟಿ, ಒಂದು ಬೀಗ, ಒಂದು ಗಡಿಯಾರ.

ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು: ಇಲ್ಲಿ ಏನನ್ನೂ ಬಚ್ಚಿಡಬೇಡಿ, ಏನನ್ನೂ ಅಗೆಯಬೇಡಿ, ಏನನ್ನೂ ಎತ್ತಿಕೊಳ್ಳಬೇಡಿ. ಕೋಟೆಗಳು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿದವು. ಅಲ್ಲಿ ಮಣ್ಣು ಕೆದಕುವುದು, ಮೆಟಲ್ ಡಿಟೆಕ್ಟರ್ ಆಡಿಸುವುದು, ಡ್ರೋನ್ ಹಾರಿಸುವುದು, ಕಲ್ಲಿನ ಚೂರು ಜೇಬಿಗೆ ಹಾಕುವುದು ಎಲ್ಲವೂ ನಿಷಿದ್ಧ. ಬಂದರಿನ ಹತ್ತಿರ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುತ್ತಾರೆ. ಹಾಗಾಗಿ ನಿಧಿಯ ಪೆಟ್ಟಿಗೆ ದೊಡ್ಡವರ ಬೆನ್ನಚೀಲದಲ್ಲೇ ಇರಲಿ, ಮಕ್ಕಳು ಹುಡುಕಬೇಕಾದದ್ದು ಬೀಗದ ಅಂಕಿಗಳನ್ನು. ಆಟ ಪೂರ್ತಿ ಕಣ್ಣಿನದು. ಅದಕ್ಕೇ ಇದು ಚೆನ್ನಾಗಿರುತ್ತದೆ.

ಮನೆಯಲ್ಲೇ ಮುಗಿಸಿಕೊಳ್ಳುವ ಕೆಲಸ

ಹಡಗಿನ ಇಂಟರ್ನೆಟ್ ದುಬಾರಿ. ನಕ್ಷೆ, ಚೀಟಿ, ಬೀಗ ಎಲ್ಲವೂ ಹೊರಡುವ ಮುನ್ನವೇ ಸಿದ್ಧವಾಗಿರಬೇಕು.

ನಾಲ್ಕು ಅಂಕಿಯ ಸಣ್ಣ ನಂಬರ್ ಬೀಗ, ಕೊಂಡಿಯಿರುವ ಅಂಗೈಯಗಲದ ಡಬ್ಬಿ ತೆಗೆದುಕೊಳ್ಳಿ. ಬೀಗಕ್ಕೆ ಹೊಸ ಅಂಕಿ ಕೂರಿಸುವಾಗಲೇ ಹೆಚ್ಚಿನವರು ಎಡವುವುದು. ಬೀಗದ ಕೊಂಡಿಯನ್ನು ತಿರುಗಿಸಿ ಒತ್ತಿ ಹಿಡಿದಿರುವಾಗ ಒಂದು ಚಕ್ರ ಅರ್ಧ ಹಲ್ಲು ಜರುಗಿದರೂ ನೀವಂದುಕೊಂಡ ಅಂಕಿ ಬೇರೆ, ಬೀಗದೊಳಗೆ ಕೂತ ಅಂಕಿ ಬೇರೆ ಆಗಿರುತ್ತದೆ. ಕೂರಿಸಿದ ಮೇಲೆ ಚಕ್ರಗಳನ್ನು ಕಲಸಿ, ಮೂರು ಸಲ ತೆಗೆದು ಹಾಕಿ ನೋಡಿ. ಆಮೇಲಷ್ಟೇ ಡಬ್ಬಿಗೆ ಹಾಕಿ.

ಒಳಗೇನು? ಬಂಗಾರದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯ ಬೇಡ, ಆ ಬಿಸಿಲಿಗೆ ಹನ್ನೊಂದು ಗಂಟೆಯೊಳಗೆ ಪಾಯಸವಾಗಿರುತ್ತದೆ. ಅದಕ್ಕಿಂತ ಎಷ್ಟೋ ಮೇಲಾದದ್ದು 2009ರಲ್ಲಿ ಅಮೆರಿಕ ಹೊರತಂದ ಪೋರ್ಟೊ ರಿಕೋದ ಕಾಲು ಡಾಲರ್. ಅದರ ಒಂದು ಮುಖದಲ್ಲಿ ಕೋಟೆಯ ಕಾವಲು ಗೂಡು, ಪಕ್ಕದಲ್ಲಿ ದಾಸವಾಳದ ಹೂ, ಹಿಂದೆ ಕಡಲು. ಮಕ್ಕಳು ಬೆಳಗ್ಗಿನಿಂದ ನೋಡುತ್ತ ಬಂದದ್ದೇ ನಾಣ್ಯದ ಮೇಲಿರುತ್ತದೆ. ಹಳೇ ನಾಣ್ಯ ಮಾರುವ ಅಂಗಡಿಗಳಲ್ಲಿ ತಲೆಗೊಂದರಂತೆ ಮೊದಲೇ ಕೊಂಡಿಡಿ.

ಕಡಲುಗಳ್ಳರ ವೇಷಕ್ಕೆಂದು ಆಟಿಕೆ ಪಿಸ್ತೂಲು, ಕತ್ತಿ ತರಬೇಡಿ. ಹಡಗಿಗೆ ಹತ್ತುವಾಗ ಎಲ್ಲ ಚೀಲವೂ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ, ಪಿಸ್ತೂಲಿನ ಆಕಾರ ಕಂಡರೆ ನಿಲ್ಲಿಸುತ್ತಾರೆ. ತಲೆಗೆ ಕಟ್ಟುವ ಬಟ್ಟೆ ಸಾಕು.

ಚೀಟಿಗಳನ್ನು ದಪ್ಪ ಕಾರ್ಡಿನ ಮೇಲೆ ಬರೆದು ಜಿಪ್ ಚೀಲದಲ್ಲಿಡಿ. ಬೆವರಿಗೆ, ಹಠಾತ್ತನೆ ಸುರಿದು ನಿಲ್ಲುವ ಮಳೆಗೆ ಶಾಯಿ ಹರಿಯುತ್ತದೆ, ಪೆನ್ಸಿಲ್ ಉಳಿಯುತ್ತದೆ. ಎಂಟು ಚೀಟಿ ಸಾಕು. ಹತ್ತು ದಾಟಿದರೆ ಆರು ವರ್ಷದ ಮಗು ಅರ್ಧದಲ್ಲೇ ಕೂತುಬಿಡುತ್ತದೆ.

ಒಗಟನ್ನು ಕನ್ನಡದಲ್ಲೇ ಬರೆಯಿರಿ. ನ್ಯೂಜೆರ್ಸಿಯಿಂದಲೋ ಡಲ್ಲಾಸಿನಿಂದಲೋ ಹೊರಡುವ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಊರಿನಿಂದ ಬಂದ ಅಜ್ಜಿಗೆ ಓದಲು ಬರುತ್ತದೆ, ಇಂಗ್ಲಿಷ್ ಫಲಕ ಸಲೀಸಲ್ಲ. ಚೀಟಿ ಅಜ್ಜಿಯ ಕೈಲಿ, ಫಲಕ ಮೊಮ್ಮಕ್ಕಳ ಕಣ್ಣಲ್ಲಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ಹೋಗುವ ಹಾಗೇ ಇಲ್ಲ. ಕಾವಲು ಗೂಡಿಗೆ ಹೀಗೆ ಬರೆಯಬಹುದು:

ಗೋಡೆಯ ಮೂಗಿನ ತುದಿಗೆ ಕೂತೆ,
ತಲೆಗೆ ಗುಮ್ಮಟ, ಹೊಟ್ಟೆಗೆ ಕಿಂಡಿ,
ಒಳಗೆ ಒಬ್ಬನಿಗಷ್ಟೇ ಜಾಗ,
ಕಣ್ಣು ಮಾತ್ರ ಕಡಲ ಮೇಲೆ. ನಾನ್ಯಾರು?

ಹಡಗಿನ ಗಂಟೆ, ಊರಿನ ಗಂಟೆ

ಪೋರ್ಟೊ ರಿಕೋದಲ್ಲಿ ವರ್ಷವಿಡೀ ಒಂದೇ ಗಂಟೆ. ಬೇಸಿಗೆಯಲ್ಲಿ ಅದು ಮಯಾಮಿಯ ಗಂಟೆಗೆ ಸಮ, ಚಳಿಗಾಲದಲ್ಲಿ ಒಂದು ತಾಸು ಮುಂದೆ. ಕೆಲವು ಹಡಗುಗಳು ತಮ್ಮ ಗಂಟೆಯನ್ನು ಬಂದರಿಗೆ ತಕ್ಕಂತೆ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಫೋನ್ ಮಾತ್ರ ದಡದ ಗೋಪುರ ಸಿಕ್ಕ ಕೂಡಲೇ ತಾನಾಗಿ ಬದಲಾಗುತ್ತದೆ. ಹಡಗು ತಪ್ಪಿಸಿಕೊಂಡವರ ಕಥೆಗಳಲ್ಲಿ ಈ ಒಂದು ತಾಸು ಮತ್ತೆಮತ್ತೆ ಬರುತ್ತದೆ. ಮಕ್ಕಳಲ್ಲಿ ಒಬ್ಬರ ಕೈಗೆ ಸಾದಾ ಕೈಗಡಿಯಾರ ಕಟ್ಟಿ, ಹಡಗಿನ ಗಂಟೆಗೆ ಹೊಂದಿಸಿ, ಅವರನ್ನು ‘ಗಡಿಯಾರದ ಕಾವಲುಗಾರ’ ಮಾಡಿ.

ಸ್ವಂತವಾಗಿ ತಿರುಗಾಡಲು ಹೋದವರಿಗಾಗಿ ಹಡಗು ಕಾಯುವುದಿಲ್ಲ. ಆದ್ದರಿಂದ ಲೆಕ್ಕ ಹಿಂದಿನಿಂದ ಹಾಕಿ. ಎಲ್ಲರೂ ಹತ್ತಿರಬೇಕಾದ ಸಮಯ 3:30 ಎಂದಿದ್ದರೆ ಬಂದರಿನ ಬಾಗಿಲಲ್ಲಿ ನೀವು 2:30ಕ್ಕೆ ಇರಬೇಕು, ಪೆಟ್ಟಿಗೆ 2 ಗಂಟೆಗೆ ತೆರೆದಿರಬೇಕು.

ಹಡಗು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಹಳೇ ಊರಿನ ಪಿಯರ್‌ಗಳಲ್ಲಿ ನಿಂತರೆ ಇಳಿದು ರಸ್ತೆ ದಾಟಿದರೆ ಆಟ ಶುರು. ಪ್ಯಾನ್ ಅಮೆರಿಕನ್ ಪಿಯರ್ ಎಂದಿದ್ದರೆ ಅದು ನೀರಿನ ಆಚೆ ಬದಿ. ಮಕ್ಕಳನ್ನು ಕಟ್ಟಿಕೊಂಡು ನಡೆಯುವ ದೂರವಲ್ಲ, ಟ್ಯಾಕ್ಸಿ ಬೇಕು, ಹೋಗಿಬರಲು ಒಂದು ತಾಸು ಕಳೆಯಿರಿ. ಇನ್ನು ಹಡಗು ಮಧ್ಯಾಹ್ನ ತಡವಾಗಿ ಬಂದು ರಾತ್ರಿ ಹೊರಡುವುದಿದ್ದರೆ ಕೋಟೆಯೊಳಗಿನ ಚೀಟಿಗಳನ್ನು ತೆಗೆದುಬಿಡಿ. ಸಂಜೆ ಐದರ ಹೊತ್ತಿಗೆ ಎರಡೂ ಕೋಟೆ ಮುಚ್ಚಿರುತ್ತವೆ.

ದಾರಿ

ಮೊದಲು ಏರು, ಆಮೇಲೆ ಇಳಿಜಾರು, ಕೊನೆಗೆ ಹಡಗು. ಈ ಕ್ರಮ ತಿರುಗುಮುರುಗಾದರೆ ನಡುಮಧ್ಯಾಹ್ನದಲ್ಲಿ ಸುಸ್ತಾದ ಮಕ್ಕಳನ್ನು ಹೊತ್ತು ಗುಡ್ಡ ಹತ್ತಬೇಕಾಗುತ್ತದೆ. ಒಟ್ಟು ನಾಲ್ಕೈದು ಕಿಲೋಮೀಟರ್, ನಾಲ್ಕು ತಾಸು.

ಕೊಲಂಬಸ್‌ನ ಪ್ರತಿಮೆಯಿರುವ ಪ್ಲಾಸಾ ಕೊಲೋನ್‌ನಿಂದ ಶುರುಮಾಡಿ ಸ್ಯಾನ್ ಕ್ರಿಸ್ಟೋಬಲ್ ಕೋಟೆ ಹತ್ತಿ. ಹದಿನಾರು ತುಂಬಿದವರಿಗೆ ತಲಾ 10 ಡಾಲರ್, ಮಕ್ಕಳಿಗೆ ಉಚಿತ. ಅದೇ ಟಿಕೆಟ್ ಎರಡನೇ ಕೋಟೆಗೂ ನಡೆಯುತ್ತದೆ, ಜೋಪಾನ. ಒಳಗೆ ಹೋದ ಕೂಡಲೇ ಜೂನಿಯರ್ ರೇಂಜರ್ ಪುಸ್ತಿಕೆ ಕೇಳಿ ಪಡೆಯಿರಿ. ಅದರ ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸಿದ ಮಗುವಿಗೆ ರೇಂಜರ್ ಬ್ಯಾಡ್ಜ್ ಕೊಡುತ್ತಾರೆ. ನಿಮ್ಮ ಬೇಟೆಯ ನಡುವೆ ಸಿಗುವ ಇನ್ನೊಂದು ನಿಧಿ ಅದು, ನಿಮ್ಮ ಕೈಯಿಂದ ಬಂದದ್ದಲ್ಲ ಎಂಬ ಕಾರಣಕ್ಕೇ ಮಕ್ಕಳಿಗೆ ಅದರ ಮೇಲೆ ಹೆಚ್ಚು ಮಮತೆ.

ಮೊದಲ ಅಂಕಿ ಇಲ್ಲಿದೆ: ಕೋಟೆಯ ಮೇಲೆ ಎಷ್ಟು ಬಾವುಟ? ಮೂರು. ಅಮೆರಿಕದ್ದು, ಪೋರ್ಟೊ ರಿಕೋದ್ದು, ಇನ್ನೊಂದು ಬಿಳಿಯ ಮೇಲೆ ಗಂಟುಗಂಟಾದ ಕೆಂಪು ಕೊಂಬೆಗಳು ಅಡ್ಡಡ್ಡ ಬಿದ್ದಂತಿರುವ ಬರ್ಗಂಡಿ ಶಿಲುಬೆ, ಹಳೇ ಸ್ಪೇನ್ ಸೇನೆಯದು. ಗಾಳಿ ಬಿರುಸಾದ ದಿನ ಬಾವುಟ ಇಳಿಸಿರಬಹುದು, ಆಗ ಧ್ವಜಸ್ತಂಭ ಎಣಿಸಲಿ. ಕೆಳಗಿನ ಕತ್ತಲ ಕೋಣೆಯ ಗೋಡೆಯಲ್ಲಿ ಕೈದಿಯೊಬ್ಬ ಬರೆದನೆನ್ನುವ ಹಡಗಿನ ಚಿತ್ರಗಳಿವೆ. ಎರಡನೇ ಚೀಟಿ ಅದಕ್ಕಿರಲಿ: ‘ಕಡಲು ಕಾಣದ ಕೋಣೆಯಲ್ಲಿ ತೇಲುವ ಹಡಗು ಹುಡುಕಿ, ನೋಡಿದ್ದನ್ನು ನೀವೂ ಬರೆಯಿರಿ.’ ಇಲ್ಲಿ ಅವಸರ ಮಾಡಬೇಡಿ. ಚಿತ್ರ ನೋಡುತ್ತ ನಿಂತ ಮಗು ತಾನಾಗಿ ಪ್ರಶ್ನೆ ಕೇಳುವವರೆಗೆ ಕಾಯಿರಿ.

ಸ್ಯಾನ್ ಫ್ರಾನ್ಸಿಸ್ಕೊ ಬೀದಿ ಹಿಡಿದು ಪ್ಲಾಸಾ ದೆ ಆರ್ಮಾಸ್‌ಗೆ ಬನ್ನಿ. ಕಾರಂಜಿಯ ಸುತ್ತ ಋತುಗಳ ಪ್ರತಿಮೆಗಳು. ನಮಗೆ ಋತು ಆರು, ಅಲ್ಲಿ ನಾಲ್ಕೇ. ಅಜ್ಜಿ ‘ಉಳಿದೆರಡು ಎಲ್ಲಿ?’ ಎಂದು ಕೇಳಲಿ. ಎರಡನೇ ಅಂಕಿ ನಾಲ್ಕು. ಕಾಲ ಕೆಳಗೆ ನೀಲಿ ಇಟ್ಟಿಗೆಯ ಬೀದಿ, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟದಿಂದ ಮಾಡಿದ್ದು. ಮಳೆ ಬಿದ್ದರೆ ಬಣ್ಣ ಉಜ್ವಲ, ಅಷ್ಟೇ ಜಾರಿಕೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಮಗುವಿನ ತಳ್ಳುಗಾಡಿಯ ಸಣ್ಣ ಗಾಲಿ ಇಟ್ಟಿಗೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಬೆನ್ನಿಗೆ ಕಟ್ಟುವ ಚೀಲವೇ ಮೇಲು.

ಕ್ರಿಸ್ತೋ ಬೀದಿಯ ಏರಿನಲ್ಲಿ ಕೆಥೆಡ್ರಲ್. ಪೋರ್ಟೊ ರಿಕೋದ ಮೊದಲ ಗವರ್ನರ್ ಪೋನ್ಸೆ ದೆ ಲಿಯೋನ್‌ನ ಸಮಾಧಿ ಒಳಗಿದೆ, ಪೂಜೆ ನಡೆಯುತ್ತಿದ್ದರೆ ಆ ಚೀಟಿ ಬಿಟ್ಟು ಮುಂದೆ ಹೋಗಿ. ಎದುರಿಗೆ ಪ್ಲಾಸುಯೆಲಾ ದೆ ಲಾಸ್ ಮೋನ್ಹಾಸ್ ಎಂಬ ಪುಟ್ಟ ಚೌಕ, ಮರದ ನೆರಳು, ಕೂರಲು ಬೆಂಚು. ಮೊಣಕಾಲು ನೋವಿರುವ ಹಿರಿಯರು ಇಲ್ಲೇ ಉಳಿಯಲಿ. ಮುಂದಿನದು ಎರಡನೇ ಕೋಟೆ, ಎಲ್ ಮೋರೋ. ಅದರೊಳಗೆ ಕಡಿದಾದ ಇಳಿಜಾರು, ಮೆಟ್ಟಿಲು ಬಹಳ, ಮುಂದಿನ ಹುಲ್ಲುಗಾವಲಲ್ಲಿ ಒಂದು ಮರದ ನೆರಳೂ ಇಲ್ಲ. ಕೊನೆಯ ಎರಡು ಚೀಟಿಗಳು ಈ ಚೌಕದಿಂದ ಕೂಗಳತೆಯಲ್ಲಿವೆ, ಮಕ್ಕಳು ತಿರುಗಿ ಬಂದು ಅಜ್ಜಿಯನ್ನು ಕರೆದುಕೊಂಡೇ ಹೋಗಬೇಕು.

ಎಲ್ ಮೋರೋ ಕೋಟೆಯ ಕೆಲಸ ಶುರುವಾದದ್ದು 1539ರಲ್ಲಿ. ಕಡಲಿನಿಂದ 140 ಅಡಿ ಎತ್ತರ. ಎಷ್ಟು ಅಂತಸ್ತು ಎಂಬುದೇ ಮೂರನೇ ಅಂಕಿ: ಆರು. ಹೊರಗಿನಿಂದ ಎಣಿಸಲು ಆಗುವುದಿಲ್ಲ, ಫಲಕ ಓದಬೇಕು ಇಲ್ಲವೇ ರೇಂಜರ್‌ನನ್ನು ಕೇಳಬೇಕು. ಮಗುವೇ ಕೇಳಲಿ, ನೀವು ಬಾಯಿ ಹಾಕಬೇಡಿ. ಕಾವಲು ಗೂಡಿನ ಒಗಟು ಬಿಡಿಸುವುದೂ ಇಲ್ಲೇ, ಗೂಡಿನೊಳಗೆ ನಿಂತು, ಕಿಂಡಿಯಿಂದ ಬೀಸುವ ಉಪ್ಪುಗಾಳಿ ಮುಖಕ್ಕೆ ಹೊಡೆಯುವಾಗ. ಡ್ರೇಕ್‌ನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಗೋಡೆ ಹತ್ತಲು ಬಿಡಬೇಡಿ, ಎಷ್ಟೋ ಕಡೆ ಕಟಾಂಜನವಿಲ್ಲ. ಹೊರಗಿನ ಹುಲ್ಲುಗಾವಲಲ್ಲಿ ಊರ ಜನ ಗಾಳಿಪಟ ಹಾರಿಸುತ್ತಾರೆ, ಕಾಲು ತಾಸು ಅಲ್ಲಿ ಕಳೆದರೆ ನಷ್ಟವಿಲ್ಲ. ಪಟ ಎಣಿಸಿ, ಬೆಕ್ಕು ಎಣಿಸಿ ಎಂಬಂಥ ಚೀಟಿ ಮಾತ್ರ ಬರೆಯಬೇಡಿ. ಸಂಖ್ಯೆ ಗಳಿಗೆಗೊಂದು, ಜಗಳ ಖಚಿತ.

ಗೋಡೆಯಾಚೆ, ಕಡಲಂಚಿನಲ್ಲಿ ಕಾಣುವ ಬಣ್ಣದ ಮನೆಗಳ ಲಾ ಪೆರ್ಲಾ ಜನ ಬಾಳುವ ಕೇರಿ. ಅದನ್ನು ಆಟದೊಳಗೆ ಎಳೆಯಬೇಡಿ.

ಇಳಿದು ಬಂದು ಹಿರಿಯರನ್ನು ಸೇರಿಸಿಕೊಂಡು ಲಾ ರೊಗತೀವಾ ಶಿಲ್ಪಕ್ಕೆ ನಡೆಯಿರಿ. 1797ರಲ್ಲಿ ಬ್ರಿಟಿಷರು ಊರಿಗೆ ಮುತ್ತಿಗೆ ಹಾಕಿದ್ದಾಗ ದೀವಟಿಗೆ ಹಿಡಿದು ಪ್ರಾರ್ಥಿಸುತ್ತ ಬೀದಿಯಲ್ಲಿ ಹೊರಟ ಹೆಂಗಸರನ್ನು ಕಂಡು ಶತ್ರುಗಳು ಅದನ್ನು ಸೈನ್ಯವೆಂದು ಬಗೆದರಂತೆ. ಬಿಷಪ್ ಒಬ್ಬ, ಹೆಂಗಸರು ಮೂವರು. ನಾಲ್ಕನೇ ಅಂಕಿ ನಾಲ್ಕು. ಬೀಗ 3464.

ಕೊನೆಯ ಚೀಟಿ ಕೆಂಪು ಬಾಗಿಲಿಗೆ, ಪುಯೆರ್ತಾ ದೆ ಸ್ಯಾನ್ ಹುವಾನ್. ಹಡಗಿನಿಂದ ಬಂದವರು ಊರೊಳಗೆ ಕಾಲಿಡುತ್ತಿದ್ದ ಬಾಗಿಲು ಇದೇ. ಮೇಲಿನ ಲ್ಯಾಟಿನ್ ಬರಹದ ಕೊನೆಯ ಪದ ಬರೆದುಕೊಳ್ಳಲು ಹೇಳಿ, ‘ಡೊಮಿನಿ’. ಎರಡೂ ಬದಿಗೆ ತಲೆಯೆತ್ತಿ ಹುಡುಕಲಿ. ಆ ಪದವೇ ಪೆಟ್ಟಿಗೆ ಕೇಳುವ ಗುಪ್ತಮಾತು.

ಎಡವುವ ಕಡೆಗಳು

ಒಂದು ಅಂಕಿ ತಪ್ಪಿದರೆ ಬೀಗ ತೆರೆಯದೆ ಕಣ್ಣೀರು. ಪ್ರತಿ ಚೀಟಿಗೊಂದು ಮುಚ್ಚಿದ ಲಕೋಟೆಯಲ್ಲಿ ಸರಿಯುತ್ತರ ಇಟ್ಟುಕೊಳ್ಳಿ, ಹತ್ತು ನಿಮಿಷ ಮೀರಿದರೆ ಒಂದು ಹಾಡು ಹೇಳಿಸಿ ಕೊಟ್ಟುಬಿಡಿ. ದೊಡ್ಡ ಮಗು ಎಲ್ಲವನ್ನೂ ತಾನೇ ಹೇಳಿಬಿಟ್ಟರೆ ಎಣಿಸುವ ಕೆಲಸ ಚಿಕ್ಕವರದು, ನಕ್ಷೆ ದೊಡ್ಡವರದು ಎಂದು ಹಂಚಿ.

ನೀರು ತಲೆಗೊಂದು ಲೀಟರ್. ಹಡಗಿನ ಊಟದ ಮನೆಯಿಂದ ಹಣ್ಣು ತರಬೇಡಿ, ಕೃಷಿ ತಪಾಸಣೆಯಲ್ಲಿ ಸಿಕ್ಕರೆ ದಂಡ ಬೀಳಬಹುದು. ಒಡೆಯದ ಬಿಸ್ಕತ್ ಪೊಟ್ಟಣ ಸಾಕು. ಗಾಡಿಗಳಲ್ಲಿ ಮಾರುವ ‘ಪಿರಾಗುವಾ’ ನಮ್ಮ ಐಸ್ ಗೋಲಾದ ನೆಂಟ, ಮೊನಚು ಗೋಪುರದ ಆಕಾರ. ಸಸ್ಯಾಹಾರಿಗಳು ಬಾಳೆಕಾಯಿಯದು ತಾನೇ ಎಂದು ಮೊಫೊಂಗೊ ತೆಗೆದುಕೊಳ್ಳಬೇಡಿ, ಅದರಲ್ಲಿ ಹಂದಿಯ ಹುರಿದ ಚರ್ಮ ಕುಟ್ಟಿ ಬೆರೆಸುವ ರೂಢಿಯಿದೆ. ದೊಡ್ಡವರ ಗುರುತಿನ ಚೀಟಿ, ಎಲ್ಲರ ಹಡಗಿನ ಕಾರ್ಡು ಒಬ್ಬರ ಬಳಿಯೇ ಇರಲಿ.

ಪೆಟ್ಟಿಗೆ ತೆರೆಯುವ ಜಾಗ

ಕೆಂಪು ಬಾಗಿಲು ದಾಟಿದರೆ ಗೋಡೆಯ ಹೊರಮೈಗುಂಟ ಕಡಲ ದಾರಿ. ಅದು ಪಸೇಯೊ ದೆ ಲಾ ಪ್ರಿನ್ಸೇಸಾಗೆ ಸೇರುವಲ್ಲಿ ರಾಯಿಸೆಸ್ ಕಾರಂಜಿಯಿದೆ. ಅಲ್ಲಿ ಕೂರಿಸಿ. ಗುಪ್ತಮಾತು ಅಜ್ಜಿ ಕೇಳಲಿ, ಚಕ್ರಗಳನ್ನು ಅತಿ ಚಿಕ್ಕ ಮಗು ತಿರುಗಿಸಲಿ. ನಾಣ್ಯ ಕೈಗೆ ಬಂದಾಗ ಜಾರ್ಜ್ ವಾಷಿಂಗ್ಟನ್ ಮುಖ ಮೇಲಿರಲಿ. ‘ಇಷ್ಟೇನಾ, ಕಾಲು ಡಾಲರ್ ತಾನೇ’ ಎನ್ನುತ್ತಾರೆ. ಮಗುಚಿ ನೋಡಲು ಹೇಳಿ, ಕಾವಲು ಗೂಡು ಅವರೇ ಗುರುತು ಹಿಡಿಯುತ್ತಾರೆ. ಕಾರಂಜಿಯಿಂದ ಹಳೇ ಊರಿನ ಪಿಯರ್‌ಗೆ ಹತ್ತು ಹದಿನೈದು ನಿಮಿಷ, ದಾರಿ ಸಮತಟ್ಟು.