ನಾಯಿಗೂಡಿನ ಗೋಡೆಯಿಂದ ಸೊಳ್ಳೆ ಹಿಡಿದು ಎಲ್3 ಕಂಡ ಕಥೆ

ಸೊಳ್ಳೆಯೊಳಗೆ ಡೈರೋಫಿಲೇರಿಯಾ (ಸೊಳ್ಳೆಯಿಂದ ನಾಯಿಗೆ ಹರಡುವ ದಾರದಂಥ ಹುಳ) ಹುಡುಕಬೇಕಾದರೆ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕೇ ಬೇಕು, ಸೊಳ್ಳೆ ಬಿಡಿಸಲು ಸೂಜಿ ಹಿಡಿದು ಕೂತರೆ ಕಣ್ಣು ಹಾಳು ಅಂತ ಹೇಳದವರೇ ಇಲ್ಲ. ಈಗ ನನ್ನ ಮೊಬೈಲ್‌ನಲ್ಲಿ ವಿಡಿಯೋ ಇದೆ. ಆರ್ಮಿಜರಿಸ್ ಜಾತಿಯ ಸೊಳ್ಳೆಯ ತಲೆ ಬಿಡಿಸಿದ ಕೂಡಲೇ ಸಲೈನ್ (ಉಪ್ಪುನೀರು) ಹನಿಯಲ್ಲಿ ಎಲ್3, ಅಂದರೆ ಸೋಂಕು ಹರಡುವ ಮೂರನೇ ಹಂತದ ಲಾರ್ವಾ, ಒದ್ದಾಡುತ್ತಿದೆ. ನೋಡಿದವರು ಸುಮ್ಮನಾದರು.

ಶುರುವಿನಲ್ಲಿ ದುಡ್ಡು ಹೋದದ್ದು ಸೊಳ್ಳೆ ಹಿಡಿಯುವ ಟ್ರ್ಯಾಪ್‌ಗೆ. ಗುಜರಿ ಅಂಗಡಿಯ ಕಂಪ್ಯೂಟರ್ ಫ್ಯಾನ್, 12 ವೋಲ್ಟ್ ಬ್ಯಾಟರಿ, ಬಕೆಟ್, ಸೊಳ್ಳೆಪರದೆಯ ತುಂಡು, ಎಲ್ಲ ಸೇರಿ ಸುಮಾರು ಎರಡು ಸಾವಿರ. ಸೊಳ್ಳೆ ಸೆಳೆಯುವ ಕಾರ್ಬನ್ ಡೈಆಕ್ಸೈಡ್‌ಗೆ ಡ್ರೈ ಐಸ್ ಬದಲು ಸಕ್ಕರೆನೀರಿಗೆ ಯೀಸ್ಟ್ ಹಾಕಿದೆ. ಸುರತ್ಕಲ್ ಹತ್ತಿರದ ಮನೆಯೊಂದರ ನಾಯಿಗೂಡಿನ ಪಕ್ಕ ಕಟ್ಟಿದರೆ ಬೆಳಿಗ್ಗೆ ಚೀಲದ ತುಂಬ ಸೊಳ್ಳೆಯ ರೆಕ್ಕೆ ಮಾತ್ರ! ಉಳಿದದ್ದನ್ನು ಇರುವೆ ತಿಂದಿತ್ತು. ಹಗ್ಗಕ್ಕೆ ಗ್ರೀಸ್ ಹಚ್ಚಿದ ಮೇಲೆ ಇರುವೆ ನಿಂತಿತು, ಆದರೆ ಫ್ಯಾನ್ ಗಾಳಿಗೆ ಸೊಳ್ಳೆ ಒಣಗಿ ಹಪ್ಪಳ. ಅದರ ಮೇಲೆ, ಬಿದ್ದದ್ದೆಲ್ಲ ಹಸಿದ ಸೊಳ್ಳೆಗಳೇ. ನನಗೆ ಬೇಕಾದದ್ದು ನಾಯಿ ರಕ್ತ ಕುಡಿದದ್ದು, ಅಲ್ವಾ?

ಟ್ರ್ಯಾಪ್ ಬಿಚ್ಚಿಟ್ಟೆ. ಮೊದಲು ರಾತ್ರಿ ನಾಯಿಗಳ ರಕ್ತ ತೆಗೆದು ನಾಟ್ಸ್ ಪರೀಕ್ಷೆ (ರಕ್ತದಲ್ಲಿ ಹುಳದ ಮರಿ ಹುಡುಕುವುದು) ಮಾಡಿ ಪಾಸಿಟಿವ್ ನಾಯಿ ಗುರುತಿಸಿಕೊಂಡೆ. ಆ ಮರಿಯ, ಅಂದರೆ ಮೈಕ್ರೋಫಿಲೇರಿಯಾದ, ಉದ್ದ ಅಳೆಯದೆ ಬಿಡಬೇಡಿ, ಚಿಗಟದಿಂದ ಹರಡುವ ಅಕ್ಯಾಂತೋಕೀಲೋನೆಮಾ ಎಂಬ ಬೇರೆ ಹುಳ ಇದ್ದರೆ ಸೊಳ್ಳೆ ಹಿಡಿದು ಪ್ರಯೋಜನವಿಲ್ಲ. ನಸುಕಿಗೆ ಹೋಗಿ ಅದೇ ಗೂಡಿನ ಗೋಡೆಯಲ್ಲಿ ಹೊಟ್ಟೆ ಕೆಂಪಾಗಿ ಕೂತ ಸೊಳ್ಳೆಯನ್ನು ಮಾತ್ರ ಆಸ್ಪಿರೇಟರ್‌ನಲ್ಲಿ (ಸೊಳ್ಳೆ ಹೀರಿ ಹಿಡಿಯುವ ಕೊಳವೆ) ಎಳೆದೆ. "ಎಂತ ಮಾರಾಯ್ರೆ, ಸೊಳ್ಳೆ ಸಾಕ್ತೀರಾ?" ಅಂತ ಮನೆಯವರು ನಕ್ಕರು. ಹೌದು, ಸಾಕಿದೆ. ಹಿಡಿದ ದಿನವೇ ಕತ್ತರಿಸಿದರೆ ಏನೂ ಕಾಣುವುದಿಲ್ಲ, ಲಾರ್ವಾ ಬೆಳೆದು ತಲೆಗೆ ಬರಲು ಹತ್ತು ಹದಿನೈದು ದಿನ ಬೇಕು. ಮಳೆಗಾಲದಲ್ಲಿ ಸೊಳ್ಳೆ ಸಾಕುವ ಕಪ್‌ನ ಹತ್ತಿಗೆ ಬೂಸ್ಟು ಹಿಡಿದು ಅರ್ಧಕ್ಕರ್ಧ ಸಾಯುತ್ತಿದ್ದವು. ಈಗ ಹತ್ತರಲ್ಲಿ ಆರೇಳು ಉಳಿಯುತ್ತವೆ. ಬೂಸ್ಟು ಹೇಗೆ ತಡೆದೆ ಅಂತ ಪೇಪರ್ ಬಂದ ಮೇಲೆ ಹೇಳುತ್ತೇನೆ.

ನಡುವೆ ಸುಮ್ನೆ ಕುತೂಹಲಕ್ಕೆ ಪಡುಬಿದ್ರಿ ಕಡೆಯ ದನದ ಹಟ್ಟಿಗೂ ಹೋಗಿದ್ದೆ. ಅಲ್ಲಿನ ಸೊಳ್ಳೆಯಲ್ಲೂ ಲಾರ್ವಾ! ಆದರೆ ಎದೆಯ ಸ್ನಾಯುವಿನಲ್ಲಿ. ಅದು ದನದ ಹುಳ ಸೆಟೇರಿಯಾ ಇರಬೇಕು. ನಾಯಿಯ ಡೈರೋಫಿಲೇರಿಯಾ ಬೆಳೆಯುವುದು ಸೊಳ್ಳೆಯ ಮಾಲ್ಪಿಘಿಯನ್ ನಾಳದಲ್ಲಿ (ಕರುಳಿಗೆ ಅಂಟಿದ, ಮೂತ್ರಪಿಂಡದಂತೆ ಕೆಲಸ ಮಾಡುವ ನಾಳ). ಹಾಗಾಗಿ ಸೊಳ್ಳೆಯ ಹೊಟ್ಟೆಯ ಕೊನೆಯ ಎರಡು ಖಂಡ ಹಿಡಿದು ಮೆಲ್ಲಗೆ ಎಳೆಯಿರಿ. ಕರುಳಿನ ಜೊತೆ ಐದೂ ನಾಳ ಬರುತ್ತವೆ. ಮೊದಲ ವಾರ ಸತ್ತ ಸೊಳ್ಳೆಯನ್ನೂ ಎಸೆಯಬೇಡಿ, ಆ ನಾಳದೊಳಗೆ ಲಾರ್ವಾದ ಗಿಡ್ಡ, ದಪ್ಪ ಸಾಸೇಜ್ ಹಂತ ಸಿಗುತ್ತದೆ. ನನಗೆ ಧೈರ್ಯ ಬಂದದ್ದೇ ಅದನ್ನು ನೋಡಿ.

ಅದು ಡೈರೋಫಿಲೇರಿಯಾದ ರೆಪೆನ್ಸ್ ಜಾತಿ ಹೌದೋ ಅಂತ ಖಚಿತ ಮಾಡಲು ಕೊನೆಗೆ ನಾಲ್ಕೈದು ಸ್ಯಾಂಪಲ್ ಮಾತ್ರ ಪಿಸಿಆರ್‌ಗೆ ಕಳಿಸಿದೆ. ಎಲ್ಲವನ್ನೂ ಕಳಿಸಿದ್ದರೆ ಸಂಬಳ ಸಾಲುತ್ತಿರಲಿಲ್ಲ. ಈ ಹುಳವನ್ನು ಕರಾವಳಿಯಲ್ಲಿ ಜನರ ಕಣ್ಣಿನ ಬಿಳಿಭಾಗದ ಮೇಲಿನ ತೆಳುಪದರದ ಅಡಿಯಿಂದಲೂ ತೆಗೆದದ್ದುಂಟು, ಹಾಗಾಗಿ ನಾಯಿಗಳನ್ನು ಹಾಗೇ ಬಿಡುವಂತಿರಲಿಲ್ಲ. ಪಶುವೈದ್ಯರು ಔಷಧ ಕೊಟ್ಟರು, ನನ್ನ ಸೊಳ್ಳೆಗಳ ಕ್ಯಾಂಟೀನ್ ಬಂದ್ ಆಯಿತು. ಈಗ ಕಾಪು ಕಡೆ ಹೊಸ ಗೂಡು ಹುಡುಕುತ್ತಿದ್ದೇನೆ.