ಸೀನಿಯರ್ ಸಂಗೀತ ಪರೀಕ್ಷೆ: ಹೈಸ್ಕೂಲ್ ಮಕ್ಕಳು ತಯಾರಾಗುವುದು ಹೇಗೆ?

ಮೈಸೂರಿನಲ್ಲಿ ಹಾಡು ಕಲಿಯುವ ಮಕ್ಕಳಿಗೆ ಕೊರತೆ ಇಲ್ಲ. ಕುವೆಂಪುನಗರ, ಸರಸ್ವತಿಪುರಂ, ವಿ.ವಿ. ಮೊಹಲ್ಲಾ, ಎಲ್ಲಿ ಹೋದರೂ ಸಂಗೀತ ಪಾಠದ ಮನೆ ಇದೆ. ಹೈಸ್ಕೂಲಿನಲ್ಲಿ ಇರುವಾಗಲೇ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ ಸೀನಿಯರ್‌ಗೆ ಕಟ್ಟುವವರು ಬಹಳ ಮಂದಿ. ನಾನು ಕಂಡ ಹಾಗೆ, ಇವರು ಹಾಡುವಾಗ ಸೋಲುವುದು ಕಮ್ಮಿ. ಎಡವುವುದು ಶಾಸ್ತ್ರದ ಪೇಪರ್‌ನಲ್ಲಿ. ಚೆನ್ನಾಗಿ ಹಾಡುವ ಹುಡುಗಿ ತಾನು ಹಾಡಿದ ರಾಗದ ಮೇಳ (ಅದರ ಮೂಲ ರಾಗ) ಯಾವುದು ಎಂದು ಬರೆಯಲಾರದೆ ಕೂರುವುದನ್ನು ನೋಡಿದರೆ ಸಂಕಟ ಆಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಶಾಸ್ತ್ರಕ್ಕೇ ಜಾಸ್ತಿ ಜಾಗ.

ಹಂತ 1: ಸಿಲಬಸ್

ಈ ವರ್ಷದ್ದನ್ನೇ ತನ್ನಿ. ಅಕ್ಕನ ಹಳೇ ಪುಸ್ತಕ ನಂಬಬೇಡಿ.

ಹಂತ 2: ಶ್ರುತಿ ಗಟ್ಟಿ ಮಾಡಿಕೊಳ್ಳಿ

ಮೊಬೈಲ್ ತಂಬೂರಿ ಆ್ಯಪ್ ಸಾಕು. ಆದರೆ ಮೊಬೈಲಿನ ಸಣ್ಣ ಸ್ಪೀಕರ್‌ನಲ್ಲಿ ಮಂದ್ರದ (ಕೆಳ ಸ್ಥಾಯಿಯ) ತಂತಿ ಕೇಳುವುದೇ ಇಲ್ಲ. ಒಂದು ಒಳ್ಳೆಯ ಸ್ಪೀಕರ್‌ಗೆ ಜೋಡಿಸಿ. ಕೆಲವು ಅಗ್ಗದ ಶ್ರುತಿ ಪೆಟ್ಟಿಗೆಗಳು ಬಿಸಿಯಾದಂತೆ ಶ್ರುತಿ ಜಾರುತ್ತವೆ, ಅವನ್ನು ಕೊಳ್ಳಲೇಬೇಡಿ.

ಗಂಡುಮಕ್ಕಳ ಅಪ್ಪ ಅಮ್ಮ ಒಂದು ವಿಷಯ ಗಮನಿಸಬೇಕು. ಸುಮಾರು ಹದಿಮೂರು, ಹದಿನಾಲ್ಕರಲ್ಲಿ ದನಿ ಒಡೆಯುತ್ತದೆ. ಆಗ ಹಳೆಯ ಶ್ರುತಿಯಲ್ಲೇ ಹಾಡು ಎಂದು ಬಲವಂತ ಮಾಡಿದರೆ ಗಂಟಲು ಹಾಳಾಗುತ್ತದೆ. ಗುರುಗಳನ್ನು ಕೇಳಿ ಶ್ರುತಿ ಇಳಿಸಿ. ತಾರ (ಮೇಲಿನ) ಸ್ಥಾಯಿಯಲ್ಲಿ ಜಾಸ್ತಿ ಹೊತ್ತು ಹಾಡಿಸಬೇಡಿ. ಅಗತ್ಯ ಬಿದ್ದರೆ ಪರೀಕ್ಷೆಯನ್ನು ಒಂದು ವರ್ಷ ಮುಂದೆ ಹಾಕಿ. ನಷ್ಟ ಏನೂ ಇಲ್ಲ.

ಹಂತ 3: ಮೇಳಕರ್ತವನ್ನು ಲೆಕ್ಕ ಹಾಕಿ, ಉರು ಹೊಡೆಯಬೇಡಿ

ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲಿ. 72 ಮೇಳಕರ್ತಗಳ, ಅಂದರೆ ಮೇಳಗಳ, ಹೆಸರಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ದಿನ ಮಧ್ಯದ ಒಂದು ಹೆಸರು ಮರೆತರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಹೆಸರಿನೊಳಗೇ ಸಂಖ್ಯೆ ಇರುವಾಗ ಈ ಕಷ್ಟ ಯಾಕೆ?

ಮೊದಲು ಕಟಪಯಾದಿ ಸೂತ್ರ, ಅಂದರೆ ಅಕ್ಷರವನ್ನು ಅಂಕಿಯಾಗಿ ಓದುವ ಕ್ರಮ. ಕ ಇಂದ ಝ ವರೆಗೆ 1 ರಿಂದ 9, ಞ ಸೊನ್ನೆ. ಟ ಇಂದ ಧ ವರೆಗೆ 1 ರಿಂದ 9, ನ ಸೊನ್ನೆ. ಪ ಇಂದ ಮ ವರೆಗೆ 1 ರಿಂದ 5. ಯ ಇಂದ ಹ ವರೆಗೆ 1 ರಿಂದ 8. ಸ್ವರಚಿಹ್ನೆಗೆ ಬೆಲೆ ಇಲ್ಲ. ಮಾ ಆದರೂ ಮೇ ಆದರೂ 5.

ಹೆಸರಿನ ಮೊದಲ ಎರಡು ಅಕ್ಷರಗಳ ಸಂಖ್ಯೆ ಬರೆದು ತಿರುಗಿಸಿ. ಮಾಯಾಮಾಳವಗೌಳದಲ್ಲಿ ಮಾ 5, ಯಾ 1. ತಿರುಗಿಸಿದರೆ 15. ಖರಹರಪ್ರಿಯದಲ್ಲಿ ಖ 2, ರ 2. ಮೇಳ 22.

ಇಷ್ಟನ್ನು ಎಲ್ಲ ಗೈಡ್‌ಗಳೂ ಹೇಳುತ್ತವೆ. ತಪ್ಪು ಆಗುವ ಜಾಗಗಳನ್ನು ಹೇಳುವ ಗೈಡ್ ನನ್ನ ಕಣ್ಣಿಗೆ ಬಿದ್ದಿಲ್ಲ. ಅವು ಇಲ್ಲಿವೆ.

ಪೂರ್ತಿ ಹೆಸರನ್ನೇ ಹಿಡಿಯಿರಿ. ಶಂಕರಾಭರಣ ಎಂದಷ್ಟೇ ಬರೆದು ಲೆಕ್ಕ ಹಾಕಿದರೆ ಶ 5, ಕ 1, ಉತ್ತರ 15. ಅದು ಮಾಯಾಮಾಳವಗೌಳದ ಸಂಖ್ಯೆ! ಧೀರಶಂಕರಾಭರಣ ಎಂದರೆ ಮಾತ್ರ ಸರಿಯಾದ 29 ಸಿಗುತ್ತದೆ. ಕಲ್ಯಾಣಿ ಅಲ್ಲ, ಮೇಚಕಲ್ಯಾಣಿ, 65. ತೋಡಿ ಅಲ್ಲ, ಹನುಮತೋಡಿ, 8.

ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಸಂಖ್ಯೆಯೇ ಬದಲಾಗುತ್ತದೆ. 20ನೇ ಮೇಳವನ್ನು ಹೆಚ್ಚಿನವರು ‘ನಟಭೈರವಿ’ ಎಂದು ಬರೆಯುತ್ತಾರೆ. ಟ 1 ಆದ್ದರಿಂದ ಲೆಕ್ಕ 10 ಕ್ಕೆ ಹೋಗುತ್ತದೆ. ಅದು ನಾಟಕಪ್ರಿಯದ ಜಾಗ. ‘ನಠಭೈರವಿ’ ಎಂದು ಬರೆದರೆ ಠ 2, ಉತ್ತರ 20.

ಒತ್ತಕ್ಷರ ಬಂದರೆ ಕೊನೆಗೆ ಉಚ್ಚರಿಸುವ ವ್ಯಂಜನವನ್ನು ತೆಗೆದುಕೊಳ್ಳಿ. ರತ್ನಾಂಗಿಯಲ್ಲಿ ನ, ಆದ್ದರಿಂದ 2. ಷಣ್ಮುಖಪ್ರಿಯದಲ್ಲಿ ಮ, 56. ಧರ್ಮವತಿಯ ಅರ್ಕಾವೊತ್ತು ನೋಡಿ ಮೋಸ ಹೋಗಬೇಡಿ. ಅಲ್ಲಿ ಲೆಕ್ಕಕ್ಕೆ ಬರುವುದು ಮ, ಉತ್ತರ 59. ಈ ನಿಯಮ ಮೀರುವ ಹೆಸರುಗಳನ್ನು ಮಾತ್ರ ನೆನಪಿಡಬೇಕು. ಚಕ್ರವಾಕ 16, ದಿವ್ಯಮಣಿ 48, ವಿಶ್ವಂಭರಿ 54, ಶ್ಯಾಮಲಾಂಗಿ 55, ಚಿತ್ರಾಂಬರಿ 66, ಜ್ಯೋತಿಸ್ವರೂಪಿಣಿ 68. ಇವುಗಳಲ್ಲಿ ಒತ್ತು ಬಿಟ್ಟು ಮೇಲಿನ ಅಕ್ಷರ ಹಿಡಿಯಬೇಕು. ಸಿಂಹೇಂದ್ರಮಧ್ಯಮದಲ್ಲಿ ಅನುಸ್ವಾರವನ್ನೇ ಮ ಎಂದು ಎಣಿಸಿದರೆ 57 ಬರುತ್ತದೆ. ಬಾಯಿಪಾಠ ಮಾಡಬೇಕಾದದ್ದು ಇಷ್ಟೇ.

ಜನ್ಯ ರಾಗಗಳಿಗೆ (ಮೇಳದಿಂದ ಹುಟ್ಟಿದ ರಾಗಗಳಿಗೆ) ಈ ಸೂತ್ರ ಹಚ್ಚಬೇಡಿ. ಮೋಹನಕ್ಕೆ ಲೆಕ್ಕ ಹಾಕಿದರೆ 85 ಬರುತ್ತದೆ. ಅಂಥ ಮೇಳವೇ ಇಲ್ಲ. ಮೋಹನ 28ನೇ ಹರಿಕಾಂಭೋಜಿಯ ಜನ್ಯ.

ಈಗ ಸಂಖ್ಯೆಯಿಂದ ಸ್ವರಕ್ಕೆ ಬರೋಣ. 36 ಅಥವಾ ಕಡಿಮೆ ಇದ್ದರೆ ಶುದ್ಧ ಮಧ್ಯಮ (ಎರಡು ಬಗೆಯ ಮ ಸ್ವರದಲ್ಲಿ ಕೆಳಗಿನದು). ಜಾಸ್ತಿ ಇದ್ದರೆ ಪ್ರತಿ ಮಧ್ಯಮ, ಆಗ 36 ಕಳೆಯಿರಿ. ಉಳಿದದ್ದನ್ನು ಆರಾರಾಗಿ ವಿಂಗಡಿಸಿ. ಎಷ್ಟನೇ ಗುಂಪು ಎನ್ನುವುದು ರಿಷಭ ಗಾಂಧಾರ (ರಿ, ಗ) ಯಾವುವು ಎಂದು ಹೇಳುತ್ತದೆ. ಆ ಗುಂಪಿನೊಳಗೆ ಎಷ್ಟನೆಯದು ಎನ್ನುವುದು ಧೈವತ ನಿಷಾದ (ದ, ನಿ) ಯಾವುವು ಎಂದು ಹೇಳುತ್ತದೆ. ರಿಷಭ ಗಾಂಧಾರದ ಜೋಡಿಗಳು ಕ್ರಮವಾಗಿ ಶುದ್ಧ-ಶುದ್ಧ, ಶುದ್ಧ-ಸಾಧಾರಣ, ಶುದ್ಧ-ಅಂತರ, ಚತುಶ್ರುತಿ-ಸಾಧಾರಣ, ಚತುಶ್ರುತಿ-ಅಂತರ, ಷಟ್‌ಶ್ರುತಿ-ಅಂತರ. ಧೈವತ ನಿಷಾದಕ್ಕೂ ಇದೇ ಕ್ರಮ. ಸಾಧಾರಣದ ಜಾಗದಲ್ಲಿ ಕೈಶಿಕಿ, ಅಂತರದ ಜಾಗದಲ್ಲಿ ಕಾಕಲಿ.

ಮೇಚಕಲ್ಯಾಣಿಯನ್ನೇ ತೆಗೆದುಕೊಳ್ಳಿ. 65 ರಲ್ಲಿ 36 ಕಳೆದರೆ 29. ಮೊದಲ ನಾಲ್ಕು ಗುಂಪಿಗೆ 24 ಮುಗಿಯಿತು. ಐದನೇ ಗುಂಪಿನ ಐದನೆಯದು. ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ಧೈವತ, ಕಾಕಲಿ ನಿಷಾದ. ಅಂದರೆ ಶಂಕರಾಭರಣದ ಮಧ್ಯಮ ಮಾತ್ರ ಬದಲಾಗಿದೆ. ಪೆನ್ನು ಕೆಳಗಿಟ್ಟು ಎರಡನ್ನೂ ಒಂದರ ಹಿಂದೆ ಒಂದು ಹಾಡಿ ನೋಡಿ. ಕಿವಿಗೆ ಗೊತ್ತಾದ ಮೇಲೆ ಅದು ಮರೆಯುವುದಿಲ್ಲ. ಪ್ರತಿ ಲೆಕ್ಕದ ಕೊನೆಗೂ ಹೀಗೆ ಹಾಡಲೇಬೇಕು.

ಆರರ ಮಗ್ಗಿಯಲ್ಲಿ ಬರುವ ಸಂಖ್ಯೆಗಳಲ್ಲಿ ಹುಷಾರು. 24 ನ್ನು ಆರರಿಂದ ಭಾಗಿಸಿದರೆ ಶೇಷ ಸೊನ್ನೆ. ಮಕ್ಕಳು ಗಾಬರಿಯಾಗಿ ಐದನೇ ಗುಂಪಿಗೆ ಹಾಕುತ್ತಾರೆ. ವರುಣಪ್ರಿಯ ನಾಲ್ಕನೇ ಗುಂಪಿನ ಆರನೆಯದು. ಹಾಗೆಯೇ 36ನೇ ಚಲನಾಟಕ್ಕೆ ಶುದ್ಧ ಮಧ್ಯಮ. ಅದರಲ್ಲಿ 36 ಕಳೆಯಬಾರದು.

ಗುಂಪಿಗೆ ಚಕ್ರ ಎಂದು ಹೆಸರು. 36 ಕಳೆಯದೆ ಎಣಿಸಿದರೆ 72 ಮೇಳಕ್ಕೆ ಹನ್ನೆರಡು ಚಕ್ರ. ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಒಬ್ಬ ಚಂದ್ರ, ಎರಡು ಕಣ್ಣು, ನಾಲ್ಕು ವೇದ, ಹನ್ನೆರಡು ಆದಿತ್ಯರು. ಹೆಸರೇ ಸಂಖ್ಯೆ ಹೇಳುತ್ತದೆ.

ಹಂತ 4: ಸ್ವರಲಿಪಿ ಬರೆಯುವುದು

ಗಣಿತದ ಚೌಕಳಿ ಪುಸ್ತಕದಲ್ಲೇ ಅಭ್ಯಾಸ ಮಾಡಿ. ಗೆರೆ ಪುಸ್ತಕ ಬೇಡ. ಒಂದು ಚೌಕಕ್ಕೆ ಒಂದು ಅಕ್ಷರಕಾಲ (ತಾಳದ ಒಂದು ಎಣಿಕೆ). ಸ್ವರ ಎಳೆಯುವಾಗ ಕಾಮಾ ಒಂದು, ಅರ್ಧವಿರಾಮ ಎರಡು. ಸಾಹಿತ್ಯದ ಅಕ್ಷರ ಅದರ ಸ್ವರದ ನೇರ ಕೆಳಗೇ ಕೂರಬೇಕು.

ಸ್ವರ ಬರೆಯುವ ಮೊದಲು ತಾಳದ ಗೆರೆಗಳನ್ನು ಹಾಕಿಕೊಳ್ಳಿ. ಆದಿ ತಾಳಕ್ಕೆ 4, 2, 2. ಅಟ್ಟ ತಾಳದ ವರ್ಣ ಖಂಡ ಜಾತಿಯದು, ಅದಕ್ಕೆ 5, 5, 2, 2, ಒಟ್ಟು 14. ಆದಿ ತಾಳದ ಅಭ್ಯಾಸಬಲದಿಂದ ಲಘುವಿಗೆ (ಇಲ್ಲಿ 5 ಇರುವ ಭಾಗಕ್ಕೆ) ನಾಲ್ಕೇ ಹಾಕಿ 12 ಕ್ಕೆ ನಿಲ್ಲಿಸುವವರು ಇದ್ದಾರೆ. ಗೆರೆ ಮೊದಲೇ ಇದ್ದರೆ ಈ ತಪ್ಪು ಆಗುವುದಿಲ್ಲ. ಮಂದ್ರದ ಚುಕ್ಕೆ ಕೆಳಗೆ, ತಾರದ್ದು ಮೇಲೆ. ಬರೆದು ಮುಗಿಸಿದ ಮೇಲೆ ಚುಕ್ಕೆಗಳಿಗಾಗಿಯೇ ಒಂದು ಸಲ ಕಣ್ಣಾಡಿಸಿ.

ಹಂತ 5: ವಾಗ್ಗೇಯಕಾರರು (ಹಾಡು ಕಟ್ಟಿದವರು)

ಊರು, ಕಾಲ, ಗುರು, ಅಂಕಿತ (ಹಾಡಿನಲ್ಲಿ ಬರುವ ಅವರ ಗುರುತಿನ ಹೆಸರು), ರಚನೆಯ ವಿಶೇಷ. ಒಬ್ಬೊಬ್ಬರಿಗೆ ಅರ್ಧ ಪುಟ ಸಾಕು. ನಮ್ಮೂರಿನವರನ್ನು ಚೆನ್ನಾಗಿ ಓದಿಕೊಳ್ಳಿ. ಮೈಸೂರು ವಾಸುದೇವಾಚಾರ್ಯರು (1865–1961) ‘ವಾಸುದೇವ’ ಅಂಕಿತದವರು. ಜಯಚಾಮರಾಜೇಂದ್ರ ಒಡೆಯರ್ ಅವರದು ‘ಶ್ರೀವಿದ್ಯಾ’. ರಜೆಯಲ್ಲಿ ಕುವೆಂಪುನಗರದ ಗಾನಭಾರತಿಯಲ್ಲೋ, ಗಣೇಶನ ಹಬ್ಬದಲ್ಲಿ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್‌ನಲ್ಲೋ ಕಛೇರಿ ಕೇಳಿಸಿ. ವೇದಿಕೆಯಲ್ಲಿ ಹಾಡುವಾಗ ಅಂಕಿತ ಬರುವ ಜಾಗ ಹಿಡಿದರೆ ಪುಸ್ತಕ ಅರ್ಧ ಓದಿದ ಹಾಗೆ.

ಹಂತ 6: ಹಾಡುವ ಪರೀಕ್ಷೆ

ಹಾಡುವ ಮೊದಲು ರಾಗ, ತಾಳ, ರಚನಕಾರರ ಹೆಸರು ಹೇಳಿ. ತಾಳ ತೊಡೆಯ ಮೇಲೆ ಪರೀಕ್ಷಕರಿಗೆ ಕಾಣುವಂತೆ ಹಾಕಿ. ಕೆಲವರು ದುಪ್ಪಟ್ಟದ ಅಡಿಯಲ್ಲಿ ಬಚ್ಚಿಟ್ಟು ಹಾಕುತ್ತಾರೆ, ಅದು ಬೇಡ. ಮಧ್ಯದಲ್ಲಿ ಸಾಹಿತ್ಯ ಮರೆತರೆ ಕೈ ನಿಲ್ಲಿಸಬೇಡಿ. ಆ ಆವರ್ತ ಹಾಗೇ ಎಣಿಸಿ, ಪಲ್ಲವಿಯ ಎತ್ತುಗಡೆಗೆ ಬಂದು ಮತ್ತೆ ಶುರು ಮಾಡಿ. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗಬೇಡಿ. ಎರಡು ಇಡ್ಲಿ, ಬಿಸಿನೀರು ಸಾಕು. ಶ್ರುತಿ ಪೆಟ್ಟಿಗೆ ನಿಮ್ಮದೇ ಒಯ್ಯಿರಿ, ಚಾರ್ಜ್ ಹಿಂದಿನ ರಾತ್ರಿಯೇ ಆಗಿರಲಿ.