ಚಾಸಿ ನಂಬರ್: ಎಲ್ಲಿ ಹುಡುಕಬೇಕು, ಹೇಗೆ ಓದಬೇಕು?

ಹಳೆಯ ಕಾರು ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ವಿಚಾರಿಸುತ್ತಾರೆ, ಒಂದು ಸುತ್ತು ಓಡಿಸಿಯೂ ನೋಡುತ್ತಾರೆ. ಆದರೆ ಬಗ್ಗಿ ಕುಳಿತು ಚಾಸಿ ನಂಬರನ್ನು ಕಣ್ಣಾರೆ ಓದುವವರು ಕಡಿಮೆ. ನಂಬರ್ ಪ್ಲೇಟು ಬದಲಾಗಬಹುದು, ಆರ್‌ಸಿ (ನೋಂದಣಿ ಪ್ರಮಾಣಪತ್ರ) ನಕಲಿಯಾಗಿರಬಹುದು, ಕಾರನ್ನು ಬೇರೆ ರಾಜ್ಯದಲ್ಲಿ ಮರುನೋಂದಣಿ ಮಾಡಿಸಿದರೆ ನೋಂದಣಿ ಸಂಖ್ಯೆಯೇ ಹೊಸದಾಗುತ್ತದೆ. ಕಾರ್ಖಾನೆಯಲ್ಲಿ ಲೋಹದ ಮೇಲೆ ಕೊರೆದ 17 ಅಕ್ಷರ ಮತ್ತು ಅಂಕಿಗಳ ಸಾಲು ಮಾತ್ರ ಕಾರು ಗುಜರಿ ಸೇರುವವರೆಗೂ ಅದರ ಜತೆಗೇ ಇರುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಅದನ್ನು ನೋಡಿಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆರ್‌ಸಿ ಕೈಗೆತ್ತಿಕೊಳ್ಳಿ. ಅದರಲ್ಲಿ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಎರಡೂ ಇರುತ್ತವೆ. ಎಂಜಿನ್ ಕೆಟ್ಟರೆ ಬೇರೆಯದನ್ನು ಕೂರಿಸಬಹುದಾದ್ದರಿಂದ ಕಾರಿನ ಗುರುತಿಗೆ ಚಾಸಿ ನಂಬರೇ ಆಧಾರ. ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಕೊಳ್ಳೋಣ: ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚಿನ ಭದ್ರತೆಯ ನಂಬರ್ ಫಲಕದ ಮೂಲೆಯಲ್ಲಿ ಲೇಸರ್‌ನಿಂದ ಸಣ್ಣದಾಗಿ ಕೊರೆದಿರುವ ಸಂಖ್ಯೆ ಆ ಫಲಕದ ಗುರುತೇ ಹೊರತು ಚಾಸಿ ನಂಬರ್ ಅಲ್ಲ.

ಮುಂದಿನ ಕೆಲಸ ಕಾರಿನಲ್ಲಿ ಅದನ್ನು ಹುಡುಕುವುದು. ಚಾಲಕನ ಬಾಗಿಲು ತೆರೆದು, ಬಾಗಿಲು ಬಂದು ಕೂರುವ ಕಂಬದ ಮೇಲೆ ಸ್ಟಿಕ್ಕರ್ ಅಥವಾ ಚಿಕ್ಕ ತಗಡು ಇದೆಯೇ ನೋಡಿ. ಕೆಲವು ಮಾದರಿಗಳಲ್ಲಿ ಮುಂಗಾಜಿನ ಕೆಳ ಮೂಲೆಯಲ್ಲಿ ಹೊರಗಿನಿಂದಲೇ ಓದಬಹುದು. ಆದರೆ ಸ್ಟಿಕ್ಕರನ್ನು ಕಿತ್ತು ಬೇರೆಡೆ ಅಂಟಿಸಬಹುದಾದ್ದರಿಂದ ಅಲ್ಲಿಗೇ ತೃಪ್ತರಾಗಬೇಡಿ. ನಮಗೆ ಬೇಕಾದದ್ದು ಲೋಹದಲ್ಲೇ ಪಂಚ್ ಮಾಡಿದ ಸಂಖ್ಯೆ. ಅದು ಎಲ್ಲ ಕಾರುಗಳಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಬಾನೆಟ್ ಎತ್ತಿದರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಲೋಹದ ಗೋಡೆಯ ಮೇಲೆ ಕಾಣಬಹುದು. ಇಲ್ಲವಾದರೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್‌ನಲ್ಲಿ ಕತ್ತರಿಸಿಟ್ಟ ಪುಟ್ಟ ಮುಚ್ಚಳವನ್ನು ಎತ್ತಿ ನೋಡಬೇಕಾಗುತ್ತದೆ. ಬೊಲೆರೊದಂತೆ ಪ್ರತ್ಯೇಕ ಚಾಸಿಯ (ಕೆಳಗಿನ ಲೋಹದ ಚೌಕಟ್ಟಿನ) ಮೇಲೆ ಬಾಡಿ ಕೂರಿಸಿದ ಗಾಡಿಗಳಲ್ಲಿ ಚಾಸಿಯ ಉದ್ದನೆಯ ಕಂಬಿಯ ಮೇಲೆ ಹುಡುಕಬೇಕು. ಮಾಲೀಕರ ಕೈಪಿಡಿಯಲ್ಲಿ ಈ ಜಾಗದ ಚಿತ್ರವೇ ಇರುತ್ತದೆ. ಕೈಯಲ್ಲಿ ಒಂದು ಟಾರ್ಚ್, ಧೂಳು ಒರೆಸಲು ಒಂದು ಬಟ್ಟೆ ಇದ್ದರೆ ಸಾಕು.

ಸಂಖ್ಯೆ ಸಿಕ್ಕಿತು, ಈಗ ಓದೋಣ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇದರಲ್ಲಿ ಬರುವುದೇ ಇಲ್ಲ, ಏಕೆಂದರೆ ಅವು ಒಂದು ಮತ್ತು ಸೊನ್ನೆಯಂತೆ ಕಾಣುತ್ತವೆ. ಆದ್ದರಿಂದ ಓ ಎಂದು ತೋರಿದ್ದನ್ನೆಲ್ಲ ಸೊನ್ನೆ ಎಂದೇ ಬರೆದುಕೊಳ್ಳಿ. ಮೊದಲ ಮೂರು ಅಕ್ಷರಗಳು ತಯಾರಕರ ಗುರುತು. ಭಾರತದಲ್ಲಿ ತಯಾರಾದ ಕಾರುಗಳ ಸಂಖ್ಯೆ ಎಂ ಅಕ್ಷರದಿಂದ ಆರಂಭವಾಗುತ್ತದೆ: ಮಾರುತಿ ಸುಜುಕಿಗೆ ಎಂಎ3, ಮಹೀಂದ್ರಾಕ್ಕೆ ಎಂಎ1, ಟಾಟಾಕ್ಕೆ ಎಂಎಟಿ, ಹುಂಡೈಗೆ ಎಂಎಎಲ್, ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಕಿರ್ಲೋಸ್ಕರ್ ಕಾರುಗಳಿಗೆ ಎಂಬಿಜೆ. ನಾಲ್ಕರಿಂದ ಒಂಬತ್ತನೆಯ ಸ್ಥಾನದವರೆಗಿನ ಭಾಗ ಮಾದರಿ, ಬಾಡಿ, ಎಂಜಿನ್ ಮುಂತಾದ ವಿವರಗಳನ್ನು ಆಯಾ ಕಂಪನಿಯದೇ ಸಂಕೇತದಲ್ಲಿ ಹೇಳುತ್ತದೆ. ಅಮೆರಿಕದ ಕಾರುಗಳಲ್ಲಾದರೆ ಒಂಬತ್ತನೆಯ ಸ್ಥಾನ ಉಳಿದ ಹದಿನಾರನ್ನು ಲೆಕ್ಕ ಹಾಕಿ ತಾಳೆ ನೋಡುವ ಅಂಕಿಗೆ ಮೀಸಲು. ನಮ್ಮಲ್ಲಿ ಆ ಕಡ್ಡಾಯವಿಲ್ಲ.

ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಾಮಾನ್ಯವಾಗಿ ಹತ್ತನೆಯ ಸ್ಥಾನದಲ್ಲಿರುವ ವರ್ಷದ ಸಂಕೇತ. 2010ಕ್ಕೆ ಎ, 2011ಕ್ಕೆ ಬಿ ಎಂದು ಹೊರಟು, ಐ, ಓ, ಕ್ಯೂಗಳನ್ನು ಬಿಟ್ಟು ಸಾಗಿದರೆ 2018ಕ್ಕೆ ಜೆ, 2020ಕ್ಕೆ ಎಲ್, 2022ಕ್ಕೆ ಎನ್, 2023ಕ್ಕೆ ಪಿ, 2024ಕ್ಕೆ ಆರ್, 2025ಕ್ಕೆ ಎಸ್ ಬರುತ್ತದೆ. ಡಿಸೆಂಬರ್‌ನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಕಾರನ್ನು 'ಹೊಸ ವರ್ಷದ ಗಾಡಿ' ಎಂದು ಮಾರುವವರ ಮಾತನ್ನು ಈ ಒಂದು ಅಕ್ಷರ ಒರೆಗೆ ಹಚ್ಚುತ್ತದೆ. ತಿಂಗಳ ಸಂಕೇತದ ಸ್ಥಾನ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ, ಆರ್‌ಸಿಯಲ್ಲಿ ಅಚ್ಚಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನೇ ನೋಡುವುದು ಉತ್ತಮ. ಸಾಲಿನ ಕೊನೆಯ ಅಂಕಿಗಳು ಆ ಕಾರೊಂದರದೇ ಕ್ರಮಸಂಖ್ಯೆ.

ಓದಿದ್ದನ್ನು ಆರ್‌ಸಿಯೊಂದಿಗೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿಕೊಂಡು ಹೋಲಿಸಿ. ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಅದೇ ವಿಧಾನ: ತೆಳು ಕಾಗದವನ್ನು ಸಂಖ್ಯೆಯ ಮೇಲೆ ಅಲುಗದಂತೆ ಹಿಡಿದು ಮೆತ್ತನೆಯ ಪೆನ್ಸಿಲನ್ನು ಅಡ್ಡಲಾಗಿ ಹಗುರವಾಗಿ ಉಜ್ಜಿದರೆ ಇಡೀ ಸಾಲು ಮೂಡುತ್ತದೆ. ಆರ್‌ಟಿಒಗೆ ಸಲ್ಲಿಸುವ ಕೆಲವು ಅರ್ಜಿಗಳಿಗೂ ಇದನ್ನೇ ಅಂಟಿಸುತ್ತಾರೆ. ಕಣ್ಣಿಗೆ ತಪ್ಪುವ ವಂಚನೆ ಈ ಕಾಗದದ ಮೇಲೆ ಸಿಕ್ಕಿಬೀಳುವುದುಂಟು. ಒಂದು ಅಕ್ಷರ ಆಳ, ಇನ್ನೊಂದು ತೇಲು, ಸಾಲು ಸೊಟ್ಟ, ಅಕ್ಷರಗಳ ನಡುವಿನ ಅಂತರ ಹೆಚ್ಚು ಕಡಿಮೆ, ಸುತ್ತಲೂ ಉಜ್ಜಿದ ಗೀರು, ವೆಲ್ಡಿಂಗ್ ಗೆರೆ ಅಥವಾ ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ. ಇವುಗಳಲ್ಲಿ ಯಾವುದೇ ಕಂಡರೂ ಅನುಮಾನಿಸಿ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನ ಸಂಖ್ಯೆ ಮತ್ತು ಕಾಗದಪತ್ರಗಳನ್ನು ಕದ್ದ ಕಾರಿಗೆ ಹೊಂದಿಸಿ ಮಾರುವುದು ಹಳೆಯ ದಂಧೆ.

ಹಾಳೆ ಕೈಗೆ ಬಂದ ಮೇಲೆ ಸರ್ಕಾರಿ ದಾಖಲೆಗಳನ್ನು ನೋಡಿ. ಪರಿವಾಹನ್ ತಾಣದ ಹಲವು ಸೇವೆಗಳು ನೋಂದಣಿ ಸಂಖ್ಯೆಯೊಂದಿಗೆ ಚಾಸಿ ನಂಬರಿನ ಕೊನೆಯ ಐದು ಅಂಕಿಗಳನ್ನು ಕೇಳುತ್ತವೆ; ಅಲ್ಲಿ ಆರ್‌ಸಿಯಲ್ಲಿರುವುದನ್ನಲ್ಲ, ನೀವು ಲೋಹದಿಂದ ಓದಿದ್ದನ್ನೇ ಹಾಕಿ. ಕಳವಾದ ಗಾಡಿಗಳ ವಿವರವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 'ವಾಹನ್ ಸಮನ್ವಯ್' ವ್ಯವಸ್ಥೆಯಲ್ಲಿ ಪರಿಶೀಲಿಸಬಹುದು. ತಯಾರಕರು ದೋಷ ಸರಿಪಡಿಸಲು ಕಾರುಗಳನ್ನು ವಾಪಸ್ ಕರೆದಿದ್ದರೆ ಅದೂ ಈ ಸಂಖ್ಯೆಯಿಂದಲೇ ತಿಳಿಯುತ್ತದೆ. 2020ರ ಜುಲೈನಲ್ಲಿ ಮಾರುತಿ ಸುಜುಕಿ ಇಂಧನ ಪಂಪ್ ಪರೀಕ್ಷೆಗಾಗಿ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಕರೆಸಿಕೊಂಡಿತ್ತು; ಅಂಥ ಕಾರಿನ ಪಂಪ್ ಪರೀಕ್ಷೆಯಾಗಿದೆಯೇ ಎಂಬುದನ್ನು ಎರಡನೆಯ ಮಾಲೀಕರೂ ಚಾಸಿ ನಂಬರ್ ಹೇಳಿ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಬಹುದು.

ತುಕ್ಕು ಹಿಡಿದು ಸಂಖ್ಯೆ ಅಳಿಸಿಹೋಗಿದೆ ಎಂದು ಮಾರುವವರು ಹೇಳಿದರೆ, ಮೊದಲು ಅವರೇ ಆರ್‌ಟಿಒದಲ್ಲಿ ಅದನ್ನು ಸರಿಪಡಿಸಿಕೊಂಡು ಬರಲಿ. ಮರುಪಂಚ್ ಆಗಿದೆ ಎಂದರೆ ಆರ್‌ಟಿಒ ಕೊಟ್ಟ ಅನುಮತಿಪತ್ರವನ್ನು ಕೇಳಿ ಪಡೆಯಿರಿ. ಆ ಕಾಗದ ಕೈಗೆ ಬರುವವರೆಗೆ ಬೆಲೆ ಎಷ್ಟೇ ಇಳಿದರೂ ಮುಂಗಡದ ಒಂದು ರೂಪಾಯಿಯನ್ನೂ ಕೊಡಬೇಡಿ.